ಕತ್ತಿ ಕೆಳಗಿಟ್ಟವನ ಹೊಲ

1830ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನ ದಂಡು ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ನಂದಗಡ, ಖಾನಾಪುರದ ಕಡೆ ತಿರುಗಿ ಸಂಪಗಾಂವದ ಮೇಲೂ ಬಿತ್ತು. ಇಂದು ಬೈಲಹೊಂಗಲ ತಾಲೂಕಿನ ಒಂದು ಊರಾಗಿರುವ ಸಂಪಗಾಂವದ ಹೆಸರೇ ಒಂದು ಕಾಲಕ್ಕೆ ಇಡೀ ತಾಲೂಕಿನ ಹೆಸರು. ಅಲ್ಲಿದ್ದದ್ದು ಮಾಮಲೇದಾರನ ಕಚೇರಿ, ಜಮಾಬಂದಿಯ ದಫ್ತರ, ವಸೂಲಾದ ಕಂದಾಯದ ಹಣ. ಸೈನ್ಯದ ಠಾಣೆಗಳನ್ನು ಬಿಟ್ಟು ಈ ದಂಡು ಕಚೇರಿಗಳ ಬೆನ್ನು ಹತ್ತಿದ್ದೇಕೆ? ಬೆಳಗಾವಿ ಕೋಟೆಯನ್ನು ಮುಟ್ಟುವಷ್ಟು ಬಲ ಅದಕ್ಕಿರಲಿಲ್ಲ ಎನ್ನುವುದು ಸುಲಭದ ಉತ್ತರ, ಅದು ನಿಜವೂ ಹೌದು. ಆದರೆ ಆ ದಂಡಿನೊಳಗೆ ಯಾರಿದ್ದರೆಂದು ನೋಡಿದರೆ ಇನ್ನೊಂದು ಉತ್ತರ ಹೊಳೆಯುತ್ತದೆ. ಅವರಲ್ಲಿ ಬಹಳ ಮಂದಿ ಐದು ವರ್ಷಗಳ ಹಿಂದೆ ಕಿತ್ತೂರಿನ ಪರವಾಗಿ ಹೋರಾಡಿ, ಸೋತು, ಆಯುಧ ಕೆಳಗಿಟ್ಟು ಊರಿಗೆ ಮರಳಿದ್ದವರು. ಮರಳಿದವರ ಹೊಲ ಯಾರದೆಂದು ತೀರ್ಮಾನವಾದದ್ದು ಇಂಥ ಕಚೇರಿಗಳಲ್ಲಿಯೇ. ಸೋತ ಸೈನ್ಯವನ್ನು ಮನೆಗೆ ಕಳಿಸುವ ಕೆಲಸವನ್ನು ಆಯುಧದ ಲೆಕ್ಕಕ್ಕೆ ಮುಗಿಸಿ, ಅನ್ನದ ಲೆಕ್ಕವನ್ನು ಬಾಕಿಯಿಟ್ಟರೆ ಏನಾಗುತ್ತದೆಂಬುದಕ್ಕೆ ಕಿತ್ತೂರು, ಸಂಪಗಾಂವ, ರಾಮದುರ್ಗದ ಈ ಸೀಮೆಯ ಹತ್ತೊಂಬತ್ತನೆಯ ಶತಮಾನ ಒಂದಲ್ಲ ಎರಡು ಸಲ ಸಾಕ್ಷಿ ನುಡಿದಿದೆ.

ಇಂಗ್ಲಿಷರಿಗೆ ಈ ವಿಚಾರ ತಿಳಿದಿರಲಿಲ್ಲ ಎನ್ನುವಂತಿಲ್ಲ. ಪೇಶ್ವೆ ಎರಡನೆಯ ಬಾಜೀರಾಯನ ಬೆನ್ನು ಹತ್ತಿದ್ದಾಗ, 1818ರ ಫೆಬ್ರವರಿ 11ರಂದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಸಾತಾರೆಯಲ್ಲಿ ಒಂದು ಜಾಹೀರುನಾಮೆ ಹೊರಡಿಸಿದ. ಪೇಶ್ವೆಯ ಚಾಕರಿಯಲ್ಲಿರುವವರು ಎರಡು ತಿಂಗಳೊಳಗೆ ಬಿಟ್ಟು ಮನೆಗೆ ಮರಳಬೇಕು. ವತನ, ಇನಾಮು, ವರ್ಷಾಶನಗಳಿಗೆ ಕೈಹಚ್ಚುವುದಿಲ್ಲ. ಮರಳದೆ ಉಳಿದವರ ವತನ ಮಾತ್ರ ಹೋಗುತ್ತದೆ. ಇಷ್ಟೇ ಅದರ ತಿರುಳು. ಒಂದು ಕಡೆ ಗಡುವು, ಇನ್ನೊಂದು ಕಡೆ ಭೂಮಿಯ ಭರವಸೆ. ಮರಾಠ ಸರದಾರರ ಕುದುರೆ ಸವಾರರು ಗುಂಪುಗುಂಪಾಗಿ ಬಾಜೀರಾಯನನ್ನು ತೊರೆದುದಕ್ಕೆ ತೋಪುಗಳ ಜೊತೆಗೆ ಈ ಕಾಗದವೂ ಕಾರಣ. ಅದೇ ಹೊತ್ತಿಗೆ ತುಂಗಭದ್ರೆಯ ಕಡೆಯಿಂದ ಬಂದ ಕಂಪನಿಯ ಇನ್ನೊಬ್ಬ ಅಧಿಕಾರಿ ಥಾಮಸ್ ಮನ್ರೋನ ಕೈಯಲ್ಲಿದ್ದ ಪಲ್ಟನ್ನು ಚಿಕ್ಕದು. ಅವನು ಸೀಮೆಯ ಜನರನ್ನೇ ಸಿಪಾಯಿಗಳಾಗಿ ಕೂಡಿಸಿಕೊಂಡು ಊರೂರು ವಶಮಾಡಿಕೊಂಡ. ಬೆಳಗಾವಿಯ ಮುತ್ತಿಗೆಯಲ್ಲಿ ಕಿತ್ತೂರಿನ ದೇಸಾಯಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಅವನಿಗೆ ನೆರವಾದ. ಅದಕ್ಕೆ ಪ್ರತಿಯಾಗಿ ಸಂಸ್ಥಾನ ಅವನ ಕೈಯಲ್ಲಿಯೇ ಉಳಿಯಿತು, ವರ್ಷಕ್ಕೆ ಸುಮಾರು 1,75,000 ರೂಪಾಯಿ ಕಪ್ಪದ ಕರಾರಿನ ಮೇಲೆ. ಇದು ದಯೆಯ ರಾಜಕಾರಣವಲ್ಲ, ಲೆಕ್ಕಾಚಾರದ್ದು. ಆದರೂ ಹಳೆಯ ದಂಡಿನ ಜನ ಹೊಸ ಸರಕಾರದ ಕೆಳಗೆ ಬದುಕುವ ದಾರಿಯನ್ನು ಅದು ತೆರೆದಿಟ್ಟಿತ್ತು.

ಕಿತ್ತೂರಿನ ದಂಡಿನ ಕಟ್ಟುವಿಕೆ ಪೇಶ್ವೆಯ ದಂಡಿನಂಥದ್ದಲ್ಲ. ಅಲ್ಲಿ ತಿಂಗಳ ಸಂಬಳಕ್ಕೆ ಬಂದು ಹೋಗುವ ಸವಾರರು ಇದ್ದರೂ, ಸಂಸ್ಥಾನದ ಬೆನ್ನೆಲುಬು ಶೇತಸನದಿಗಳು. ಊರಿನಲ್ಲಿ ಹೊಲ, ಅದಕ್ಕೆ ಕಂದಾಯವಿಲ್ಲ ಅಥವಾ ಅಲ್ಪ ಕಂದಾಯ. ಬದಲಿಗೆ ಊರಿನ ಕಾವಲು, ದೇಸಾಯಿಯ ಕರೆ ಬಂದಾಗ ಕತ್ತಿ ಹಿಡಿದು ಕೋಟೆಗೆ ಹೋಗುವ ಕರ್ತವ್ಯ. ಬಿತ್ತನೆಯ ಕಾಲಕ್ಕೆ ಅವನು ರೈತ, ಸುಗ್ಗಿ ಮುಗಿದ ಮೇಲೆ ಅವನೇ ಸೈನಿಕ. ಹಾಗಾಗಿ ಈ ದಂಡನ್ನು ಬರಖಾಸ್ತು ಮಾಡುವುದೆಂದರೆ ಪಗಾರ ಕೊಟ್ಟು ಮನೆಗೆ ಕಳಿಸುವಷ್ಟು ಸುಲಭದ ಮಾತಾಗಿರಲಿಲ್ಲ. ಅವನು ಮನೆಯಲ್ಲಿಯೇ ಇದ್ದ. ಚಾಕರಿ ತಪ್ಪಿತೆಂದು ಸರಕಾರ ಹೇಳಿದರೆ ಹೊಲವೂ ತಪ್ಪಿತೆಂದೇ ಅರ್ಥ. ಹೊಲ ತಪ್ಪಿದರೆ ಊರಿನಲ್ಲಿ ಅವನ ಮಾನವೂ ತಪ್ಪಿತು, ಊರ ಜಾತ್ರೆಯಲ್ಲಿ ಅವನಿಗಿದ್ದ ಮರ್ಯಾದೆಯೂ ಹೋಯಿತು.

1824ರ ಸಂಗತಿಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಸೆಪ್ಟೆಂಬರಿನಲ್ಲಿ ದೇಸಾಯಿ ಮಕ್ಕಳಿಲ್ಲದೆ ತೀರಿಕೊಂಡ. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತ, ಅವನ ಕೈಕೆಳಗಿನ ಅಧಿಕಾರಿಗಳಾದ ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಸಿಕ್ಕರು. ನಮ್ಮ ವಿಷಯಕ್ಕೆ ಬೇಕಾದದ್ದು ಆಮೇಲಿನದು. ದಖ್ಖನಿನ ಕಮಿಷನರ್ ಚಾಪ್ಲಿನ್ ಬಂದಿಗಳನ್ನು ಬಿಟ್ಟು ಕೋಟೆ ಒಪ್ಪಿಸಿದರೆ ಕ್ಷಮೆಯುಂಟೆಂದು ಮಾತು ಕಳಿಸಿದ. ಕಿತ್ತೂರಿನ ರಾಣಿ ಚೆನ್ನಮ್ಮ ಡಿಸೆಂಬರ್ 2ರಂದು ಬಂದಿಗಳನ್ನು ಬಿಟ್ಟಳು, ಕೋಟೆಯನ್ನು ಬಿಡಲಿಲ್ಲ. ಮರುದಿನ ತೋಪು ಹಾರಿತು. 5ರ ಹೊತ್ತಿಗೆ ಎಲ್ಲ ಮುಗಿದಿತ್ತು. ನಂತರ ಹಣದ ವಿಲೇವಾರಿ ಹೇಗಾಯಿತು ನೋಡಿ. ಖಜಾನೆಯಲ್ಲಿ ಸುಮಾರು 16 ಲಕ್ಷ ರೂಪಾಯಿ ನಗದು, 4 ಲಕ್ಷ ಬೆಲೆಯ ಒಡವೆ ಸಿಕ್ಕಿತೆಂದು ಚರಿತ್ರೆಯ ಪುಸ್ತಕಗಳು ಲೆಕ್ಕ ಕೊಡುತ್ತವೆ. ಗೆದ್ದ ಸೈನ್ಯಕ್ಕೆ ಲೂಟಿಯ ಪಾಲು ಹಂಚುವ ಪದ್ಧತಿಯಂತೆ ಕಿತ್ತೂರಿನ ಹೆಸರಿನಲ್ಲಿಯೂ ಪಾಲು ಹಂಚಿಕೆಯಾಯಿತು. ಚೆನ್ನಮ್ಮನನ್ನೂ ಸೊಸೆಯಂದಿರನ್ನೂ ಬೈಲಹೊಂಗಲದ ಕೋಟೆಯಲ್ಲಿ ಕಾವಲಿಟ್ಟು ಜೀವನಕ್ಕೆ ವ್ಯವಸ್ಥೆ ಮಾಡಿದರು. ಆಕೆ 1829ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಮೇಲಿನವರಿಗೆ ಅನ್ನ ಮತ್ತು ಕಾವಲು, ಗೆದ್ದವರಿಗೆ ಪಾಲು. ಕೆಳಗಿನ ಶೇತಸನದಿಗೆ ಏನು? ಬಿಡುಗಡೆ. ಸೆರೆಸಿಕ್ಕು ಹಾಗೆ ಬಿಡುಗಡೆಯಾದವರಲ್ಲಿ ಸಂಗೊಳ್ಳಿಯ ರಾಯಣ್ಣನೂ ಒಬ್ಬ.

ಬಿಡುಗಡೆಯೇನೂ ಸಣ್ಣದಲ್ಲ, ಎಂದು ಕಂಪನಿಯ ಪರವಾಗಿ ಯಾರಾದರೂ ವಾದಿಸಬಹುದು. ಕಲೆಕ್ಟರನನ್ನೇ ಕೊಂದ ದಂಡಿನ ಜನರನ್ನು ಸಾಲಾಗಿ ನೇಣಿಗೇರಿಸದೆ ಮನೆಗೆ ಕಳಿಸಿದ್ದು ಆ ಕಾಲದ ಅಳತೆಯಲ್ಲಿ ಉದಾರವೇ. ಈ ಮಾತನ್ನು ಒಪ್ಪಬೇಕು. ಆದರೆ ಮನೆಗೆ ಹೋದವನಿಗೆ ಅಲ್ಲಿ ಸಿಕ್ಕದ್ದೇನು? ಕಂಪನಿಯ ಕಂದಾಯದ ಅಧಿಕಾರಿಗಳು ಸನದಿ ಹೊಲಗಳನ್ನು ಅಳೆದು, ಬರಖಾಸ್ತಾದ ಚಾಕರಿಗೆ ಇಷ್ಟು ಭೂಮಿ ಹೆಚ್ಚಾಯಿತೆಂದು ಕೆಲವನ್ನು ಸರಕಾರಕ್ಕೆ ಸೇರಿಸಿಕೊಂಡರು, ಉಳಿದುದಕ್ಕೆ ಕಂದಾಯ ಹೆಚ್ಚಿಸಿದರು. ರಾಯಣ್ಣನ ಹೊಲದ ಒಂದು ಪಾಲು ಹೋಗಿ, ಮಿಕ್ಕಿದ್ದರ ಮೇಲೆ ಭಾರದ ತೆರಿಗೆ ಬಿದ್ದದ್ದನ್ನು ಅವನ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಕ್ಷಮೆ ಕೊಟ್ಟ ಕೈ ಬೇರೆ, ಹೊಲ ಕಿತ್ತ ಕೈ ಬೇರೆ ಎಂದು ಕಂಪನಿಯ ಇಲಾಖೆಗಳು ಭಾವಿಸಿರಬಹುದು. ಪೊಲಿಟಿಕಲ್ ಖಾತೆಯ ಕಾಗದ ಒಂದು ಕಪಾಟಿನಲ್ಲಿ, ರೆವೆನ್ಯೂ ಖಾತೆಯದು ಇನ್ನೊಂದರಲ್ಲಿ. ಸಂಗೊಳ್ಳಿಯಲ್ಲಿ ನಿಂತು ನೋಡಿದವನಿಗೆ ಸರಕಾರ ಒಂದೇ. 1818ರಲ್ಲಿ ಬಾಜೀರಾಯನ ಸವಾರನಿಗೆ ಕೊಟ್ಟ ಭರವಸೆಯನ್ನು 1824ರ ನಂತರ ಕಿತ್ತೂರಿನ ಕಾಲಾಳಿಗೆ ಕೊಡಲಿಲ್ಲ. ಮೊದಲಿನದು ಅಗತ್ಯವಿದ್ದಾಗ ಕೊಟ್ಟದ್ದು. ಎರಡನೆಯ ಸಲ ಗೆದ್ದಾಗಿತ್ತು, ಕೊಡುವ ಅಗತ್ಯ ಕಾಣಲಿಲ್ಲ.

ಇಲ್ಲಿ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ಮೊದಲನೆಯದು ಭಾವುಕರದು: ರಾಯಣ್ಣ ನಾಡಿಗಾಗಿ ಹೋರಾಡಿದ, ದತ್ತಕ ಶಿವಲಿಂಗಪ್ಪನನ್ನು ಗಾದಿಯ ಮೇಲೆ ಕೂರಿಸಲು ಹೊರಟ; ಅವನನ್ನು ನಾಲ್ಕು ಕೂರಿಗೆ ಹೊಲಕ್ಕೆ ಜಗಳಾಡಿದವನೆಂದು ಚಿಕ್ಕವನನ್ನಾಗಿ ಮಾಡಬೇಡಿ. ಚಿಕ್ಕವನನ್ನಾಗಿ ಮಾಡುವ ಮಾತೇ ಇಲ್ಲಿಲ್ಲ. ಹೊಲದ ಸನದಿಗೆ ಮುದ್ರೆ ಹಾಕಿದ್ದು ಕಿತ್ತೂರಿನ ಗಾದಿ. ಗಾದಿ ಉಳಿದರೆ ಸನದು ಉಳಿಯಿತು. ಸನದು ಹೋದದ್ದರಿಂದಲೇ ಗಾದಿ ಹೋದದ್ದು ಪ್ರತಿ ಹಳ್ಳಿಯಲ್ಲೂ ಅನುಭವಕ್ಕೆ ಬಂತು. ನಾಡು, ಹೊಲ ಎಂದು ಎರಡು ಮಾಡಿ ನೋಡುವ ಅಭ್ಯಾಸ ನಮ್ಮದು, ಅವನದಲ್ಲ. ಒಬ್ಬನ ಹೊಲದ ಸಂಕಟ ಮಾತ್ರವಾಗಿದ್ದರೆ ಗಜವೀರನಂಥ ಸಿದ್ದಿ ಯೋಧ, ಬಿಚ್ಚುಗತ್ತಿ ಚನ್ನಬಸಪ್ಪನಂಥವರು, ಹೆಸರು ಉಳಿಯದ ನೂರಾರು ಜನ ಕಾಡಿನ ದಾರಿ ಹಿಡಿಯುತ್ತಿರಲಿಲ್ಲ. ಎರಡನೆಯ ಆಕ್ಷೇಪ ಲೆಕ್ಕಪತ್ರದವರದು: ಚಾಕರಿ ಇಲ್ಲದ ಮೇಲೆ ಚಾಕರಿಯ ಭೂಮಿಯನ್ನು ಯಾವ ಸರಕಾರ ತಾನೆ ಸುಮ್ಮನೆ ಬಿಟ್ಟೀತು? ಇದಕ್ಕೆ ಕಂಪನಿಯ ಸ್ವಂತ ನಡತೆಯೇ ಉತ್ತರ. ಬಂಡಾಯ ಅಡಗಿದ ಮೇಲೂ ಶೇತಸನದಿಗಳ ಸಂಸ್ಥೆಯನ್ನು ಅದು ಕಿತ್ತೊಗೆಯಲಿಲ್ಲ. ಊರ ಕಾವಲಿಗೆ, ಕಂದಾಯದ ಹಣ ಸಾಗಿಸಲು, ಕಚೇರಿಯ ಹರಕಾರೆಗೆ ಅವರನ್ನೇ ಇಟ್ಟುಕೊಂಡಿತು. ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಅವರು ಊರ ಚಾಕರರ ಪಟ್ಟಿಯಲ್ಲಿದ್ದರು. ಅಂದರೆ ಅವರಿಗೆ ಕೊಡಲು ಕೆಲಸವಿತ್ತು. ಅದನ್ನು 1825ರಲ್ಲಿಯೇ ಪೂರ್ತಿ ಹೊಲದ ಸಮೇತ ಕೊಟ್ಟಿದ್ದರೆ 1830ರ ಬೆಂಕಿ ಹತ್ತುತ್ತಲೇ ಇರಲಿಲ್ಲ ಎಂದು ಆಣೆ ಮಾಡಿ ಹೇಳಲಾಗದು. ಹತ್ತಿದ್ದರೂ ಅಷ್ಟು ಬೇಗ ಅಷ್ಟು ಊರಿಗೆ ಹಬ್ಬುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಬಂಡಾಯವನ್ನು ಅಡಗಿಸಿದ ಬಗೆಯಲ್ಲಿ ಇನ್ನೊಂದು ಗಾಯವಾಯಿತು. ಪಲ್ಟನ್ನಿಗೆ ಸಿಗದ ರಾಯಣ್ಣ ಊರವರ ನೆರವಿನಿಂದಲೇ ಸಿಕ್ಕ. ಹಿಡಿದುಕೊಟ್ಟವರಿಗೆ ಬಹುಮಾನ ಸಂದಿತು. 1831ರ ಜನವರಿ 26ರಂದು ನಂದಗಡದಲ್ಲಿ ಅವನಿಗೆ ಗಲ್ಲಾಯಿತು. ಸಂಗಡಿಗರಲ್ಲಿ ಕೆಲವರಿಗೆ ಗಲ್ಲು, ಕೆಲವರಿಗೆ ಕರಿನೀರು. ಹೀಗೆ ಹೋರಾಡಿದವನ ಹೊಲ ಹೋಯಿತು, ಹಿಡಿದುಕೊಟ್ಟವನ ಬದುಕು ಬೆಳೆಯಿತು, ಮತ್ತು ಇಬ್ಬರೂ ಒಂದೇ ಸೀಮೆಯವರು. ಹೊರಗಿನ ಸೈನ್ಯ ಗೆದ್ದು ಹೋದರೆ ಸಿಟ್ಟು ಹೊರಗಿನವರ ಮೇಲಿರುತ್ತದೆ; ಬಹುಮಾನದಿಂದ ಗೆದ್ದರೆ ಅದು ಊರೂರ ನಡುವೆ ಉಳಿಯುತ್ತದೆ. ದಂಡಿನವರು ಊರ ಶ್ರೀಮಂತರ ಮನೆಗಳನ್ನೂ ದೋಚಿದ್ದರೆಂಬುದನ್ನು ಮರೆಯಬಾರದು; ಆ ಶ್ರೀಮಂತರಲ್ಲಿ ಕೆಲವರು ಭಯದಿಂದಲೋ ನಷ್ಟದಿಂದಲೋ ಸರಕಾರದ ಕಡೆ ವಾಲಿದ್ದರೆ ಅದನ್ನೆಲ್ಲ ದ್ರೋಹವೆಂದು ಒಂದೇ ಬುಟ್ಟಿಗೆ ತುಂಬುವುದು ಸರಿಯಲ್ಲ. ಇವರನ್ನೂ ಅವರನ್ನೂ ಎದುರು ಬದುರು ಕೂರಿಸಿ ಮಾತಾಡಿಸಿದ ಪಂಚಾಯತಿ ಯಾವುದೂ ನಡೆಯಲಿಲ್ಲ. ಆ ಕೆಲಸವನ್ನು ಲಾವಣಿಯವರು ತಮಗೆ ತಿಳಿದಂತೆ ಮಾಡಿದರು. ಹಾಡಿನಲ್ಲಿ ರಾಯಣ್ಣನ ಸ್ವಂತ ಸೋದರಮಾವನೇ ದ್ರೋಹಿಯಾಗುತ್ತಾನೆ. ಸರಕಾರಿ ಕಾಗದಗಳಲ್ಲಿ ಮುಂದೆ ನಿಲ್ಲುವವರು ಊರ ಗೌಡಕಿಯವರು. ಹಾಡು ಅಪರಾಧವನ್ನು ಒಂದು ಮನೆಯೊಳಗೆ ತಂದಿಟ್ಟುಕೊಂಡು ಸುತ್ತಲ ಊರುಗಳನ್ನು ಬಿಟ್ಟಿತೇನೋ ಎಂದು ನನಗೆ ಅನ್ನಿಸುತ್ತದೆ; ಇದು ಊಹೆ, ಪುರಾವೆಯಲ್ಲ.

ಪಾಠ ಕಲಿತರೇ? ಸನದಿಗಳ ಮಟ್ಟಿಗೆ ಅರ್ಧ ಕಲಿತರು. ಸಂಸ್ಥಾನಿಕರು, ಇನಾಮದಾರರ ಮಟ್ಟಿಗೆ ಏನೂ ಕಲಿಯಲಿಲ್ಲ. 1843ರಿಂದ ದಕ್ಷಿಣ ಮರಾಠಾ ಸೀಮೆಯಲ್ಲಿ ಇನಾಮುಗಳ ತನಿಖೆ ಶುರುವಾಯಿತು, 1852ರ ಕಾಯಿದೆ ಅದಕ್ಕೆ ಹಲ್ಲು ಕೊಟ್ಟಿತು. ತಲೆಮಾರುಗಳಿಂದ ಉಂಡ ಭೂಮಿಗೆ ಕಾಗದ ತೋರಿಸಬೇಕಾಯಿತು. ತೋರಿಸಲಾಗದ ಸಾವಿರಾರು ಇನಾಮುಗಳು ಹೋದವು. ಎಲ್ಫಿನ್‌ಸ್ಟನ್‌ನ 1818ರ ಮಾತು ಹೀಗೆ ಮೆಲ್ಲಗೆ ಕರಗಿತು. ಇದರ ಮೇಲೆ 1857ರ ನಿಃಶಸ್ತ್ರೀಕರಣದ ಕಾಯಿದೆ ಬಂತು. ಮುಧೋಳದ ಹಲಗಲಿಯ ಬೇಡರು ಆಯುಧ ಒಪ್ಪಿಸೆವೆಂದರು. ಆ ಡಿಸೆಂಬರಿನಲ್ಲಿ 19 ಜನ ಗಲ್ಲಿಗೇರಿದರು. ಬೇಡನ ಕೈಯ ಬಂದೂಕು ಬೇಟೆಯ ಅನ್ನವೂ ಹೌದು, ಚಾಕರಿಯ ಗುರುತೂ ಹೌದು. ಆಯುಧಕ್ಕೆ ಪ್ರತಿಯಾಗಿ ಏನು ಕೊಡುತ್ತೀರೆಂಬ ಪ್ರಶ್ನೆಯನ್ನು ಕಾಯಿದೆ ಕೇಳಿಕೊಂಡಿರಲೇ ಇಲ್ಲ.

ರಾಮದುರ್ಗ ಮತ್ತು ನರಗುಂದದ ಕಥೆ ಇದನ್ನೇ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ, ಏಕೆಂದರೆ ಎರಡೂ ಒಂದೇ ಭಾವೆ ಮನೆತನದ ಸಂಸ್ಥಾನಗಳು. ನರಗುಂದದ ಭಾಸ್ಕರರಾಯ ಬಾಬಾಸಾಹೇಬನಿಗೆ ಮಗನಿರಲಿಲ್ಲ. ದತ್ತಕ ತೆಗೆದುಕೊಳ್ಳಲು ಕೇಳಿದ ಅಪ್ಪಣೆ ಸಿಗಲಿಲ್ಲ. ಕಿತ್ತೂರಿನದೇ ಗಂಟು, ಅದೇ ಮಲಪ್ರಭೆಯ ಸೀಮೆಯಲ್ಲಿ, 34 ವರ್ಷಗಳ ಮೇಲೆ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗಕ್ಕೆ ಹೋಗಿ, ಅಲ್ಲಿಯ ಅರಸ ತೋರಿಸಿದ ಪತ್ರಗಳಿಂದ ಸಂಚನ್ನು ತಿಳಿದು, ನರಗುಂದದ ದಾರಿಯಲ್ಲಿ ಸುರೇಬಾನದಲ್ಲಿ ತಂಗಿದ. 1858ರ ಮೇ 29ರ ರಾತ್ರಿ ಬಾಬಾಸಾಹೇಬ ಅವನನ್ನು ಅಲ್ಲಿ ಕೊಂದ. ಕೊಲೆಯಾದವನು ಹಿಂದೆ ಇನಾಮು ತನಿಖೆಯ ಖಾತೆಯಲ್ಲಿ ಕೆಲಸ ಮಾಡಿದವನು. ಆ ದ್ವೇಷ ಅವನ ಬೆನ್ನಿಗಿತ್ತು. ಜೂನ್ ಮೊದಲಲ್ಲಿ ನರಗುಂದ ಬಿತ್ತು, 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು, ಸಂಸ್ಥಾನ ಧಾರವಾಡ ಜಿಲ್ಲೆಯಲ್ಲಿ ಕರಗಿತು. ಆಮೇಲೆ ನಡೆದದ್ದರಲ್ಲಿ ಕಹಿ ಇದೆ. 1858ರ ನವೆಂಬರ್ 1ರ ರಾಣಿಯ ಘೋಷಣೆ ಇಂಗ್ಲಿಷರ ಕೊಲೆಯಲ್ಲಿ ನೇರವಾಗಿ ಕೈಯಿಟ್ಟವರನ್ನು ಬಿಟ್ಟು ಉಳಿದ ಬಂಡಾಯಗಾರರಿಗೆ ಕ್ಷಮೆ ಸಾರಿತು. 1862ರ ಸುಮಾರಿಗೆ ಸಂಸ್ಥಾನಿಕರಿಗೆ ದತ್ತಕದ ಸನದುಗಳು ಹೊರಟವು. ರಾಮದುರ್ಗಕ್ಕೂ ಅದು ಸಿಕ್ಕಿತು. 1863ರಲ್ಲಿ ಮುಂಬಯಿ ಸರಕಾರ ಸಂಕ್ಷಿಪ್ತ ಇತ್ಯರ್ಥದ ಕಾಯಿದೆ ತಂದು, ಜೋಡಿ ಎಂಬ ಅಲ್ಪ ಕಂದಾಯ ಕಟ್ಟಿದರೆ ಇನಾಮುಗಳ ಮೂಲ ಕೆದಕುವುದಿಲ್ಲವೆಂದು ಒಪ್ಪಿಕೊಂಡಿತು. ನರಗುಂದ ಕೇಳಿದ್ದನ್ನೇ ನರಗುಂದ ಹೋದ ಮೇಲೆ ಅದರ ದಾಯಾದಿಗೆ ಕೊಟ್ಟರು.

ಇದನ್ನು ಸಂಧಾನವೆನ್ನಲಾದೀತೇ, ಇದು ಸಾಮ್ರಾಜ್ಯ ತನ್ನ ಬುಡ ಭದ್ರ ಮಾಡಿಕೊಂಡ ಉಪಾಯವಲ್ಲವೇ ಎಂದು ಕೇಳಬಹುದು. ಉಪಾಯವೇ. ಪರಿಹಾರ, ಸಂಧಾನ ಎಂಬ ಇಂದಿನ ಮಾತುಗಳನ್ನು ಆ ಕಾಲದ ಮೇಲೆ ಹೇರುವುದು ತಪ್ಪು ಎಂಬ ಆಕ್ಷೇಪವೂ ಇದರ ಜೊತೆಗೇ ಬರುತ್ತದೆ. ಆದರೆ ಕೊಟ್ಟು ಸಮಾಧಾನ ಮಾಡುವ ವಿಚಾರ ಆ ಕಾಲಕ್ಕೆ ಹೊಸದಾಗಿರಲಿಲ್ಲ; ಲೂಟಿಯ ಪಾಲು, ವರ್ಷಾಶನ, ಬಹುಮಾನ, ದತ್ತಕದ ಸನದು, ಎಲ್ಲವೂ ಕೊಡುವಿಕೆಯೇ. ಯಾರಿಗೆ ಕೊಟ್ಟರು ಎನ್ನುವಲ್ಲಿ ಮಾತ್ರ ಪಕ್ಷಪಾತ. ಗೆದ್ದವನಿಗೆ, ನೆರವಾದವನಿಗೆ, ಮತ್ತೆ ತೊಂದರೆ ಕೊಡಬಲ್ಲ ದೊಡ್ಡವನಿಗೆ ಸಿಕ್ಕಿತು. ಸೋತು ಸುಮ್ಮನಾದ ಚಿಕ್ಕವನಿಗೆ ಸಿಗಲಿಲ್ಲ. ಅವನು ಸುಮ್ಮನಿರಲಾರನೆಂಬುದು 1830ರಲ್ಲಿ ಗೊತ್ತಾಯಿತು. ನೈತಿಕತೆಯನ್ನು ಪಕ್ಕಕ್ಕಿಟ್ಟು ಬರೀ ಖರ್ಚಿನ ಲೆಕ್ಕ ಹಾಕಿದರೂ, ಒಂದಿಷ್ಟು ಸನದಿ ಹೊಲ ಉಳಿಸಿಕೊಂಡು ಬಂದ ಕಂದಾಯಕ್ಕಿಂತ ರಾಯಣ್ಣನನ್ನು ಹಿಡಿಯಲು ಪಲ್ಟನ್ನು ತಿರುಗಿಸಿದ ಖರ್ಚು ಕಡಿಮೆಯಾಗಿರಲಾರದು.

ಸನದಿ ಹೊಲದ ಪ್ರಶ್ನೆಗೆ ಕೊನೆಯ ಇತ್ಯರ್ಥ ಸಿಕ್ಕಿದ್ದು ಸ್ವಾತಂತ್ರ್ಯ ಬಂದ ಮೇಲೆ, ಅದೂ ಬೇರೆ ಕಾರಣಕ್ಕೆ. ಊರ ಹುದ್ದೆಗಳನ್ನು ರದ್ದುಮಾಡುವ 1961ರ ರಾಜ್ಯ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಗೌಡಕಿ, ಕುಲಕರ್ಣಿಕೆ, ತಳವಾರಕಿಗಳ ಜೊತೆ ಸನದಿಯೂ ಹೋಯಿತು. ಚಾಕರಿಯ ಭೂಮಿ ಮೊದಲು ಸರಕಾರಕ್ಕೆ ಸೇರಿ, ನಿಗದಿಯಾದ ಹಣ ಕಟ್ಟಿದ ಹಕ್ಕುದಾರನಿಗೆ ಮರಳಿ ಮಂಜೂರಾಯಿತು. ಮನೆತನದ ಪಾಲು, ಮಾರಾಟ, ಮರುಮಂಜೂರಿಯ ತಕರಾರುಗಳಲ್ಲಿ ಶೇತಸನದಿ ಎಂಬ ಹೆಸರು ಹೈಕೋರ್ಟಿನ ತೀರ್ಪುಗಳವರೆಗೆ ಹೋಗಿದೆ. ಸನದಿ ಎಂಬ ಅಡ್ಡಹೆಸರಿನ ಮನೆಗಳು ಬೆಳಗಾವಿ ಜಿಲ್ಲೆಯಲ್ಲಿ ಈಗಲೂ ಇವೆ. ಚಾಕರಿಯಿಂದ ಭೂಮಿಯನ್ನು ಬಿಡಿಸಿ ಹಕ್ಕುದಾರನ ಹೆಸರಿಗೆ ಮಾಡಬಹುದಾಗಿತ್ತು, ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ ಎಂಬುದನ್ನು ಈ ಕಾಯಿದೆ 130 ವರ್ಷ ತಡವಾಗಿ ತೋರಿಸಿತು.

ಇದೆಲ್ಲ ಹಳೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಕೊಲಂಬಿಯಾದಲ್ಲಿ ಸರಕಾರಕ್ಕೂ ಫಾರ್ಕ್ ಗೆರಿಲ್ಲಾಗಳಿಗೂ 2016ರ ನವೆಂಬರಿನಲ್ಲಿ ಆದ ಒಪ್ಪಂದದ ಮೊದಲ ಅಧ್ಯಾಯ ಆಯುಧದ ಬಗ್ಗೆ ಅಲ್ಲ, ಹಳ್ಳಿಯ ಭೂಮಿಯ ಬಗ್ಗೆ. ಹಿಂಸೆಗೆ ತುತ್ತಾದವರ ಪರಿಹಾರಕ್ಕೆ, ಕಳೆದುಕೊಂಡ ನೆಲ ಮರಳಿಸುವುದಕ್ಕೆ ಅಲ್ಲಿ 2011ರಲ್ಲಿಯೇ ಕಾನೂನು ಬಂದಿತ್ತು. ನಮ್ಮಲ್ಲಿ 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಗರಿಷ್ಠ ಏಳೂವರೆ ಲಕ್ಷ ರೂಪಾಯಿಯ ಪ್ಯಾಕೇಜು ಸುದ್ದಿಯಾಯಿತು. ಬಂದೂಕು ಎಲ್ಲಿ ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡ ಸುದ್ದಿಯಾಯಿತು. ಮಲೆನಾಡಿನ ಅರಣ್ಯವಾಸಿಗಳ ಭೂಮಿಯ ಹಕ್ಕಿನ ಬೇಡಿಕೆ ಸುದ್ದಿಯ ಕೊನೆಯ ಸಾಲಿಗೆ ಹೋಯಿತು. ಕಿತ್ತೂರಿನ ಸೈನಿಕರಿಗೂ ಇವರಿಗೂ ಹೋಲಿಕೆ ಎಲ್ಲೆಡೆ ಹೊಂದುವುದಿಲ್ಲ: ಅವರು ಒಂದು ಸಂಸ್ಥಾನದ ದಂಡು, ಇವರು ಚುನಾಯಿತ ಸರಕಾರದ ವಿರುದ್ಧ ಕಾಡು ಸೇರಿದವರು; ಇವರ ಗುಂಡಿಗೆ ಬಲಿಯಾದ ಮನೆಗಳಿಗೂ ಲೆಕ್ಕ ಒಪ್ಪಿಸಬೇಕು. ಹೊಂದುವುದು ಒಂದು ಕಡೆ ಮಾತ್ರ. ಶರಣಾದವನಿಗೆ ಒಂದು ಇಲಾಖೆ ಕೊಟ್ಟ ಮಾತನ್ನು ಇನ್ನೊಂದು ಇಲಾಖೆ ಮುರಿಯಬಾರದು.

ಕಿತ್ತೂರಿನಲ್ಲಿ ಪ್ರತಿ ಅಕ್ಟೋಬರ್ 23ರಿಂದ ಉತ್ಸವ ನಡೆಯುತ್ತದೆ. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ ಇದೆ, ಸಂಗೊಳ್ಳಿಯಲ್ಲಿ ರಾಯಣ್ಣನ ಹೆಸರಿನ ಸೈನಿಕ ಶಾಲೆ ಬಂದಿದೆ, ಬೆಂಗಳೂರಿನ ದೊಡ್ಡ ರೈಲು ನಿಲ್ದಾಣ ಅವನ ಹೆಸರಿನದು. ಇವೆಲ್ಲ ಸಲ್ಲಬೇಕಾದ ಗೌರವವೇ. ಆದರೆ ಕಿತ್ತೂರು ಸೀಮೆಯ ಯಾವ ಊರಿನಲ್ಲಿ ಎಷ್ಟು ಶೇತಸನದಿಗಳಿದ್ದರು, 1824ರ ನಂತರ ಯಾರ ಎಷ್ಟು ಹೊಲ ಸರಕಾರಕ್ಕೆ ಸೇರಿತು, 1830ರ ಮೇಲೆ ಯಾರಿಗೆ ಮರಳಿತು ಎಂಬುದನ್ನು ಊರುವಾರು ಜೋಡಿಸಿ ಕನ್ನಡದಲ್ಲಿ ಜನರ ಕೈಗೆ ಕೊಡುವ ಕೆಲಸಕ್ಕೂ ಅಷ್ಟೇ ಹಣ, ಅಷ್ಟೇ ಉತ್ಸಾಹ ಬೇಕು. ಮುಂಬಯಿಯ ಪತ್ರಾಗಾರದಲ್ಲಿ, ಬೆಳಗಾವಿ, ಧಾರವಾಡದ ಕಂದಾಯದ ದಫ್ತರಗಳಲ್ಲಿ ಹುಡುಕಬೇಕಾದ ಕಾಗದಗಳವು, ಅವುಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿ. ಮೋಡಿ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಉತ್ಸವದ ಸಮಿತಿ, ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಸೇರಿ ಮೊದಲು ಸಂಪಗಾಂವದ ಹಳೆಯ ತಾಲೂಕಿನಿಂದಲೇ ಈ ಪಟ್ಟಿಯನ್ನು ಶುರುಮಾಡಲಿ.